ಹೊಸೂರಿನ ಸೈಟು ಕೊಳ್ಳುವ ಮುನ್ನ ನಾವು ಹಾಕಿದ ಲೆಕ್ಕ

ಯಜಮಾನರು ಬೊಮ್ಮಸಂದ್ರದ ಕಾರ್ಖಾನೆಯೊಂದರಿಂದ ನಿವೃತ್ತರಾದಾಗ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿ ಸೇರಿ ಕೈಗೆ ಬಂದ ಹಣವನ್ನು ಎಲ್ಲಿ ತೊಡಗಿಸುವುದು ಒಳ್ಳೆಯದು ಎಂದು ಕೇಳಿದ್ದಕ್ಕೆ, ಅವರ ಜೊತೆ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಯೋಚನೆಯನ್ನೂ ಮಾಡದೆ ಹೊಸೂರಿನ ಹೆಸರು ಹೇಳಿದರು. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಅತ್ತಿಬೆಲೆಯ ಗಡಿ ದಾಟಿದ ಕೂಡಲೇ ಸಿಗುವ ಆ ಊರಿನಲ್ಲಿ ಬೆಂಗಳೂರಿನ ಎಷ್ಟೋ ಮಧ್ಯಮವರ್ಗದ ಕುಟುಂಬಗಳು ಹಿಂದಿನಿಂದಲೂ ಸೈಟು ಕೊಳ್ಳುತ್ತ ಬಂದಿವೆ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಮುಂತಾದ ಕಾರ್ಖಾನೆಗಳು ಅಲ್ಲಿ ಬೇರುಬಿಟ್ಟು ದಶಕಗಳಾಗಿವೆ. ತಮಿಳುನಾಡು ಸರ್ಕಾರದ ಸಿಪ್‌ಕಾಟ್ ಕೈಗಾರಿಕಾ ವಸಾಹತುಗಳು ಬೆಳೆಯುತ್ತಲೇ ಇವೆ. 2019ರಲ್ಲಿ ಊರು ನಗರಪಾಲಿಕೆಯಾಯಿತು. ಅಂಗಡಿಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುವುದರಿಂದ ಪರರಾಜ್ಯಕ್ಕೆ ಬಂದಿದ್ದೇವೆ ಎಂಬ ಭಾವನೆಯೇ ಹುಟ್ಟುವುದಿಲ್ಲ. ಆದರೆ ಸಬ್‌ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿದರೆ ಅದು ಪರರಾಜ್ಯವೇ, ಮತ್ತು ನಮ್ಮ ಬಹುಪಾಲು ಓಡಾಟ ಆ ವ್ಯತ್ಯಾಸವನ್ನು ಅರ್ಥಮಾಡಿಕೊಳ್ಳುವುದರಲ್ಲೇ ಕಳೆಯಿತು.

ಸೈಟು ನೋಡಲು ಹೊರಡುವ ಮೊದಲೇ ನಾವಿಬ್ಬರೂ ಒಂದು ಮಾತನ್ನು ಗಟ್ಟಿ ಮಾಡಿಕೊಂಡಿದ್ದೆವು. ನಾವು ಹೊಸೂರಿನಲ್ಲಿ ಹೋಗಿ ವಾಸಿಸುವವರಲ್ಲ. ಬೆಂಗಳೂರಿನಲ್ಲಿ ಸ್ವಂತ ಮನೆಯಿದೆ, ಮಗ ಪುಣೆಯಲ್ಲಿದ್ದಾನೆ. ಆದ್ದರಿಂದ ಕೊಳ್ಳುವ ಆಸ್ತಿ ಬಾಡಿಗೆ ತರಬೇಕು, ಇಲ್ಲವೇ ಕೆಲವು ವರ್ಷಗಳ ಮೇಲೆ ಒಳ್ಳೆಯ ಬೆಲೆಗೆ ಮಾರಾಟವಾಗಬೇಕು. ಮೂರನೆಯ ಉಪಯೋಗವಿಲ್ಲ. ‘ಭೂಮಿ ಎಂದಿಗೂ ನಷ್ಟ ಮಾಡುವುದಿಲ್ಲ’ ಎಂದು ಹೇಳುವವರನ್ನು ನಾನು ಗೌರವದಿಂದಲೇ ಕೇಳಿಸಿಕೊಂಡೆ. ಆದರೆ ಹಾಗೆ ಹೇಳಿದವರೆಲ್ಲ ಸೈಟು ಕೊಂಡವರೇ ಹೊರತು, ಕೊಂಡ ಸೈಟನ್ನು ಮಾರಿ ಹಣ ಎಣಿಸಿದವರು ಅವರಲ್ಲಿ ತೀರಾ ಕಡಿಮೆ.

ದಲ್ಲಾಳಿ ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ಬಾಗಲೂರು ರಸ್ತೆಗೆ, ಅಲ್ಲಿಂದ ಬೇರಿಗೈ ಕಡೆಗೆ. ಕೋಸು, ಟೊಮೆಟೊ ಬೆಳೆಯುವ ಹೊಲಗಳು ಮತ್ತು ಗುಲಾಬಿಯ ಪಾಲಿಹೌಸುಗಳ ನಡುವೆ ಅಲ್ಲಲ್ಲಿ ಕಮಾನು, ಕಾಂಪೌಂಡು, ಡಾಂಬರು ರಸ್ತೆ, ಸಾಲಾಗಿ ನೆಟ್ಟ ಕಲ್ಲುಗಳು ಕಾಣುತ್ತವೆ, ಅವೆಲ್ಲ ಲೇಔಟುಗಳು. ಪ್ರತಿಯೊಂದು ಕಮಾನಿನ ಮೇಲೂ, ಪ್ರತಿಯೊಂದು ಕರಪತ್ರದಲ್ಲೂ ವಿಮಾನದ ಚಿತ್ರವಿತ್ತು. ನಮಗೆ ಹೇಳಿದ ಬೆಲೆ ಚದರ ಅಡಿಗೆ 2,800 ರೂಪಾಯಿ. ‘ಅಮ್ಮಾ, ಏರ್‌ಪೋರ್ಟು ಬಂದ ಮೇಲೆ ಈ ರೇಟು ಕೇಳಿದರೆ ಜನ ನಗುತ್ತಾರೆ’ ಎಂದು ದಲ್ಲಾಳಿ ಶುದ್ಧ ಕನ್ನಡದಲ್ಲಿ ಹೇಳಿದ. ಬರುವುದು ಯಾವಾಗ ಎಂದು ಕೇಳಿದರೆ ಅವನ ಬಳಿ ಉತ್ತರವಿತ್ತು, ಆದರೆ ಅದು ಪ್ರತಿ ಸಲವೂ ಬೇರೆಬೇರೆಯಾಗಿರುತ್ತಿತ್ತು.

ಹೀಗಾಗಿ ಮೊದಲು ವಿಮಾನ ನಿಲ್ದಾಣದ ವಿಷಯವನ್ನೇ ತಿಳಿದುಕೊಳ್ಳಲು ಕುಳಿತೆ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಎಂ.ಕೆ. ಸ್ಟಾಲಿನ್ ಅವರು 2024ರ ಜೂನ್ ತಿಂಗಳಲ್ಲಿ ವಿಧಾನಸಭೆಯಲ್ಲಿ, ಹೊಸೂರಿನಲ್ಲಿ 2,000 ಎಕರೆ ವಿಸ್ತೀರ್ಣದಲ್ಲಿ ವರ್ಷಕ್ಕೆ 3 ಕೋಟಿ ಪ್ರಯಾಣಿಕರನ್ನು ನಿಭಾಯಿಸುವ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಕಟ್ಟುವುದಾಗಿ ಘೋಷಿಸಿದ್ದು ನಿಜ. ಆದರೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕಾಗಿ ಕೇಂದ್ರ ಸರ್ಕಾರ 2004ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ, ಅದು ಆರಂಭವಾದ ದಿನದಿಂದ 25 ವರ್ಷಗಳವರೆಗೆ, ಮೈಸೂರು ಮತ್ತು ಹಾಸನಗಳನ್ನು ಬಿಟ್ಟು, 150 ಕಿಲೋಮೀಟರ್ ದೂರದೊಳಗೆ ಇನ್ನೊಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಅವಕಾಶ ಕೊಡುವಂತಿಲ್ಲ ಎಂಬ ಷರತ್ತಿದೆ. ನಿಲ್ದಾಣ ಆರಂಭವಾದದ್ದು 2008ರ ಮೇ ತಿಂಗಳಲ್ಲಿ. ಅಂದರೆ ಷರತ್ತಿನ ಅವಧಿ ಮುಗಿಯುವುದು 2033ರಲ್ಲಿ. ಹೊಸೂರಿನ ಬಳಿ ಬೆಳಗೊಂಡಪಲ್ಲಿಯಲ್ಲಿ ಖಾಸಗಿ ಸಂಸ್ಥೆಯೊಂದರ ರನ್‌ವೇ ಬಹಳ ವರ್ಷಗಳಿಂದ ಇದ್ದರೂ, ಸಣ್ಣ ಊರುಗಳಿಗೂ ವಿಮಾನ ಸಂಪರ್ಕ ಕೊಡುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಊರಿನ ಹೆಸರು ಕೇಳಿಬಂದರೂ, ಪ್ರಯಾಣಿಕರ ವಿಮಾನ ಅಲ್ಲಿಂದ ಹಾರದಿರುವುದಕ್ಕೆ ಈ ಷರತ್ತೂ ಒಂದು ಕಾರಣ.

ಇದಲ್ಲದೆ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಸುತ್ತಲಿನ ವಾಯುಪ್ರದೇಶ ರಕ್ಷಣಾ ಇಲಾಖೆಗೆ ಸಂಬಂಧಪಟ್ಟಿದ್ದು, ಆ ಕಡೆಯ ಒಪ್ಪಿಗೆಯೂ ಬೇಕು. ಇನ್ನೊಂದೆಡೆ ಕರ್ನಾಟಕ ಸರ್ಕಾರವೂ ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣಕ್ಕೆ ಕನಕಪುರ ರಸ್ತೆಯಲ್ಲಿ ಎರಡು, ಕುಣಿಗಲ್ ರಸ್ತೆಯಲ್ಲಿ ಒಂದು ಜಾಗವನ್ನು ಗುರುತಿಸಿ, 2025ರಲ್ಲಿ ಕೇಂದ್ರದ ತಜ್ಞರ ತಂಡಕ್ಕೆ ತೋರಿಸಿದೆ. ಕನಕಪುರ ರಸ್ತೆಯಲ್ಲಿ ನಿಲ್ದಾಣ ಬಂದರೆ ಹೊಸೂರಿನ ನಿಲ್ದಾಣಕ್ಕೆ ಬೆಂಗಳೂರಿನ ಪ್ರಯಾಣಿಕರು ಎಷ್ಟು ಮಂದಿ ಹೋದಾರು ಎಂಬುದನ್ನು ಕರಪತ್ರ ಮುದ್ರಿಸಿದವರು ಯೋಚಿಸಿದಂತೆ ಕಾಣಲಿಲ್ಲ. ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು. ನಿಲ್ದಾಣಕ್ಕೆ ಬೇಕಾದ 2,000 ಎಕರೆಯ ಒಳಗೇ ನಮ್ಮ ಸೈಟು ಸೇರಿಹೋದರೆ ಸಿಗುವುದು ಮಾರುಕಟ್ಟೆಯ ಬೆಲೆಯಲ್ಲ, ಸರ್ಕಾರ ಲೆಕ್ಕ ಹಾಕುವ ಪರಿಹಾರ. ನಿಲ್ದಾಣಕ್ಕೆ ಹತ್ತಿರವಾದಷ್ಟೂ ಬೆಲೆ ಜಾಸ್ತಿ ಎನ್ನುವವರು ಆ ಹತ್ತಿರಕ್ಕೂ ಒಂದು ಗೆರೆ ಇರುತ್ತದೆ ಎಂಬುದನ್ನು ಹೇಳುವುದಿಲ್ಲ.

ಮೆಟ್ರೋದ ಕಥೆಯೂ ಹೀಗೆಯೇ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಅದನ್ನು ಹೊಸೂರಿಗೆ ಮುಂದುವರಿಸುವ ಪ್ರಸ್ತಾಪವೂ ಇದೆ. ಆದರೆ ಬೆಂಗಳೂರಿನ ಮೆಟ್ರೋ ಹಳಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟ್ ನೇರ ವಿದ್ಯುತ್ತನ್ನು ಪಡೆದು ಓಡುತ್ತದೆ, ಚೆನ್ನೈನ ಮೆಟ್ರೋ ಮೇಲಿನ ತಂತಿಯಿಂದ 25,000 ವೋಲ್ಟ್ ಪರ್ಯಾಯ ವಿದ್ಯುತ್ತನ್ನು ಪಡೆಯುತ್ತದೆ. ಎರಡು ರಾಜ್ಯಗಳ ಎರಡು ಸಂಸ್ಥೆಗಳು ವೆಚ್ಚ ಹಂಚಿಕೊಂಡು, ವ್ಯವಸ್ಥೆ ಹೊಂದಿಸಿಕೊಂಡು ಒಂದು ಮಾರ್ಗ ಕಟ್ಟುವುದು ಆಗದ ಕೆಲಸವೆಂದು ನಾನು ಹೇಳುವುದಿಲ್ಲ. ಆದರೆ ಅದಾಗುತ್ತದೆ ಎಂಬ ಭರವಸೆಗೆ ಚದರ ಅಡಿಯ ಲೆಕ್ಕದಲ್ಲಿ ಇಂದೇ ಹಣ ಕೊಡಬೇಕು ಎನ್ನುವುದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಯಜಮಾನರ ಹಳೆಯ ಸಹೋದ್ಯೋಗಿಗಳು ಲಾಭ ಕಂಡದ್ದು ಸುಳ್ಳಲ್ಲ. ಅವರು ಸೈಟು ಕೊಂಡಾಗ ಹೊಸೂರಿನ ಬೆಲೆ ಕಡಿಮೆಯಿತ್ತು, ಆಮೇಲೆ 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ತೆರೆಯಿತು, ಕಾರ್ಖಾನೆಗಳು ಹೆಚ್ಚಿದವು. ಅವರಿಗೆ ಬೆಲೆ ಮೊದಲು, ಸೌಲಭ್ಯ ಆಮೇಲೆ. ನಮಗೆ ತೋರಿಸುತ್ತಿದ್ದುದರಲ್ಲಿ ಬರಬೇಕಾದ ಸೌಲಭ್ಯದ ಬೆಲೆ ಆಗಲೇ ಸೇರಿಕೊಂಡಿತ್ತು.

ಆದರೂ ಯಜಮಾನರಿಗೆ ಒಂದು ಲೇಔಟು ಮನಸ್ಸಿಗೆ ಹಿಡಿಸಿತ್ತು. 30 ಅಡಿಗೆ 40 ಅಡಿಯ ಮೂಲೆ ಸೈಟು, ಹತ್ತಿರದಲ್ಲೇ ಹಳ್ಳಿ, ರಸ್ತೆ ಅಗಲವಾಗಿತ್ತು. ಕಾಗದಪತ್ರ ನೋಡದೆ ಒಂದು ರೂಪಾಯಿ ಟೋಕನ್ ಕೂಡ ಕೊಡುವುದಿಲ್ಲ ಎಂದು ಹೇಳಿ, ಪ್ರತಿಗಳನ್ನು ತರಿಸಿಕೊಂಡೆವು. ಇಲ್ಲಿಂದ ಮುಂದೆ ನಮ್ಮ ಕರ್ನಾಟಕದ ತಿಳಿವಳಿಕೆ ಅರ್ಧ ಮಾತ್ರ ಉಪಯೋಗಕ್ಕೆ ಬಂತು. ನಮ್ಮಲ್ಲಿ ಪಹಣಿ, ಖಾತೆ ಎಂದು ಕೇಳುವ ಜಾಗದಲ್ಲಿ ಅಲ್ಲಿ ಕೇಳಬೇಕಾದದ್ದು ಜಮೀನು ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಪಟ್ಟಾ, ಅದರ ವಿಸ್ತೀರ್ಣ ಮತ್ತು ಬಗೆಯನ್ನು ಹೇಳುವ ಚಿಟ್ಟಾ, ಊರಿನ ಎಲ್ಲ ಸರ್ವೆ ನಂಬರುಗಳ ವಿವರವಿರುವ ‘ಎ’ ರಿಜಿಸ್ಟರು ಮತ್ತು ಸರ್ವೆ ನಂಬರಿನ ಅಳತೆಯ ನಕ್ಷೆ. ಪಟ್ಟಾವನ್ನು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಟಿಎನ್‌ರೆಜಿನೆಟ್ ತಾಣದಲ್ಲಿ ತೆಗೆದು ನೋಡಬಹುದು. ಈ ವಿಷಯದಲ್ಲಿ ತಮಿಳುನಾಡಿನ ವ್ಯವಸ್ಥೆ ನಿಜಕ್ಕೂ ಚೆನ್ನಾಗಿದೆ. ಆದರೆ ದಾಖಲೆಗಳೆಲ್ಲ ತಮಿಳಿನಲ್ಲಿರುತ್ತವೆ. ತಮಿಳು ಮಾತು ಅರ್ಥವಾಗುವುದು ಬೇರೆ, ಚೆಕ್ಕುಬಂದಿಯ ನಾಲ್ಕು ಸಾಲನ್ನು ತಪ್ಪಿಲ್ಲದೆ ಓದುವುದು ಬೇರೆ. ಆದ್ದರಿಂದ ಲೇಔಟಿನವರು ಸೂಚಿಸಿದ ವಕೀಲರನ್ನು ಬಿಟ್ಟು, ಹೊಸೂರಿನಲ್ಲೇ ವೃತ್ತಿ ಮಾಡುವ, ಕನ್ನಡವೂ ಬಲ್ಲ ಬೇರೊಬ್ಬ ವಕೀಲರನ್ನು ಶುಲ್ಕ ಕೊಟ್ಟು ಗೊತ್ತುಮಾಡಿಕೊಂಡೆವು. ಈ ವ್ಯವಹಾರದಲ್ಲಿ ನಾವು ಅತ್ಯಂತ ಸಂತೋಷದಿಂದ ಮಾಡಿದ ಖರ್ಚು ಅದೇ.

ವಕೀಲರು ಮೊದಲು ಕೇಳಿದ್ದು ಬೆಲೆಯನ್ನಲ್ಲ, ಅನುಮೋದನೆಯ ಸಂಖ್ಯೆಯನ್ನು. ಅನುಮೋದನೆಯಿಲ್ಲದ ಲೇಔಟುಗಳ ಸೈಟುಗಳನ್ನು ನೋಂದಣಿ ಮಾಡಕೂಡದೆಂದು ಮದ್ರಾಸ್ ಹೈಕೋರ್ಟು 2016ರ ಸೆಪ್ಟೆಂಬರಿನಲ್ಲಿ ಆದೇಶ ಮಾಡಿತ್ತು. ಆಮೇಲೆ 2017ರಲ್ಲಿ ಸರ್ಕಾರ, 2016ರ ಅಕ್ಟೋಬರ್ 20ಕ್ಕೆ ಮೊದಲು ಮಾರಾಟವಾಗಿದ್ದ ಸೈಟುಗಳನ್ನು ಸಕ್ರಮಗೊಳಿಸುವ ನಿಯಮ ತಂದಿತು. ಹೀಗಾಗಿ ಇಂದು ಅಲ್ಲಿ ಸೈಟು ಮಾರುವವರೆಲ್ಲ ‘ಡಿಟಿಸಿಪಿ ಅಪ್ರೂವ್ಡ್’ ಎಂದೇ ಮಾತು ಆರಂಭಿಸುತ್ತಾರೆ. ನಗರ ಮತ್ತು ಗ್ರಾಮಾಂತರ ಯೋಜನಾ ನಿರ್ದೇಶನಾಲಯ ಕೊಡುವ ಆ ಅನುಮೋದನೆಯ ಜೊತೆಗೆ ಸ್ಥಳೀಯ ಸಂಸ್ಥೆಯ ಅಂತಿಮ ಒಪ್ಪಿಗೆಯೂ, ಲೇಔಟಿನ ರಸ್ತೆ ಮತ್ತು ಉದ್ಯಾನದ ಜಾಗವನ್ನು ಆ ಸಂಸ್ಥೆಗೆ ದಾನಪತ್ರದ ಮೂಲಕ ಬಿಟ್ಟುಕೊಟ್ಟ ದಾಖಲೆಯೂ ಇರಬೇಕು, ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿಯೂ ಆಗಿರಬೇಕು. ನಾವು ಮೆಚ್ಚಿದ ಲೇಔಟಿಗೆ ಇವೆಲ್ಲ ಇದ್ದವು. ಒಂದೇ ತೊಡಕೆಂದರೆ, ಅನುಮೋದಿತ ನಕ್ಷೆಯಲ್ಲಿದ್ದ ಸರ್ವೆ ನಂಬರುಗಳಲ್ಲಿ ನಮಗೆ ಮೊದಲು ತೋರಿಸಿದ ಮೂಲೆ ಸೈಟಿನ ನಂಬರು ಇರಲಿಲ್ಲ. ಅದು ಎರಡನೆಯ ಹಂತಕ್ಕೆ ಸೇರಿದ್ದು, ಅರ್ಜಿ ಇನ್ನೂ ಪರಿಶೀಲನೆಯಲ್ಲಿತ್ತು. ಕಮಾನು ಒಂದೇ, ರಸ್ತೆ ಒಂದೇ, ಬೆಲೆಯೂ ಒಂದೇ, ಕಾಗದ ಮಾತ್ರ ಬೇರೆ. ಕೇಳಿದಾಗ ಲೇಔಟಿನವರು ಸ್ವಲ್ಪವೂ ಗಲಿಬಿಲಿಗೊಳ್ಳದೆ ಮೊದಲ ಹಂತದ ಇನ್ನೊಂದು ಸೈಟು ತೋರಿಸಿದರು.

ಆ ಇನ್ನೊಂದು ಸೈಟಿನ ಮೂಲಪತ್ರಗಳನ್ನು ವಕೀಲರು ಹಿಂದಕ್ಕೆ ಹಿಂದಕ್ಕೆ ಓದುತ್ತ ಹೋದರು. ತಮಿಳುನಾಡಿನಲ್ಲಿ 1979ರಿಂದ 1987ರವರೆಗೆ ಕಂದಾಯ ದಾಖಲೆಗಳನ್ನು ಪರಿಷ್ಕರಿಸುವ ದೊಡ್ಡ ಕೆಲಸ ನಡೆದಿತ್ತು. ಆ ಸಮಯದಲ್ಲಿ ಒಬ್ಬರ ಹೆಸರಿನ ಬದಲು ಇನ್ನೊಬ್ಬರ ಹೆಸರು ಸೇರಿದ್ದೂ, ವಿಸ್ತೀರ್ಣ ಹೆಚ್ಚುಕಡಿಮೆಯಾದದ್ದೂ ಸಾಕಷ್ಟಿದ್ದು, ಇಂದಿಗೂ ಅಲ್ಲಿನ ನ್ಯಾಯಾಲಯಗಳಲ್ಲಿ ಅದರ ವ್ಯಾಜ್ಯಗಳು ನಡೆಯುತ್ತವೆ. ಹಾಗಾಗಿ ಪಟ್ಟಾದಲ್ಲಿ ಹೆಸರಿದ್ದ ಮಾತ್ರಕ್ಕೆ ಸಾಲದು, ಅದಕ್ಕಿಂತ ಹಿಂದಿನ ಕ್ರಯಪತ್ರ ಅಥವಾ ವಿಭಾಗಪತ್ರದೊಂದಿಗೆ ಅದು ತಾಳೆಯಾಗಬೇಕು ಎಂದು ಅವರು ವಿವರಿಸಿದರು. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಕೊಟ್ಟ ಪಂಚಮಿ ಜಮೀನು, ದೇವಸ್ಥಾನದ ಜಮೀನು, ಪುರಂಬೋಕು ಎಂದು ಕರೆಯುವ ಸರ್ಕಾರಿ ಜಮೀನು, ಈ ಮೂರರಲ್ಲಿ ಯಾವುದೂ ಹಿಂದಿನ ‘ಎ’ ರಿಜಿಸ್ಟರಿನಲ್ಲಿ ಕಾಣಿಸಿಕೊಳ್ಳಬಾರದು. ನಮ್ಮಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆ ಗೊತ್ತಿದ್ದವರಿಗೆ ಇದರ ಗಂಭೀರತೆ ಬೇಗ ಅರ್ಥವಾಗುತ್ತದೆ.

ಜಮೀನಿನ ಮೂಲ ಮಾಲೀಕರು ಲೇಔಟಿನವರಿಗೆ ಅಧಿಕಾರಪತ್ರ ಬರೆದುಕೊಟ್ಟಿದ್ದರಿಂದ, ಕ್ರಯಪತ್ರಕ್ಕೆ ಸಹಿ ಹಾಕುವವರು ಲೇಔಟಿನವರೇ ಆಗಿದ್ದರು. ಹಾಗಿದ್ದರೆ ಅಧಿಕಾರ ಕೊಟ್ಟ ಮಾಲೀಕರು ಬದುಕಿದ್ದಾರೆ ಎಂಬುದಕ್ಕೆ ವೈದ್ಯರು ಕೊಟ್ಟ ಇತ್ತೀಚಿನ ಪ್ರಮಾಣಪತ್ರವನ್ನೂ ನೋಂದಣಿಯ ಹೊತ್ತಿಗೆ ಕೇಳುತ್ತಾರೆ. ಮಾಲೀಕರಲ್ಲಿ ಒಬ್ಬರು ತೀರಾ ವಯಸ್ಸಾದ ಅಜ್ಜಿ. ಅವರ ಆರೋಗ್ಯದ ಮೇಲೆ ನಮ್ಮ ಕ್ರಯಪತ್ರ ನಿಂತಿದೆ ಎಂಬ ಯೋಚನೆ ನನಗೆ ಸ್ವಲ್ಪ ಮುಜುಗರವನ್ನೇ ತಂದಿತು. ಅಂತೂ ಎಲ್ಲ ನೋಡಿದ ಮೇಲೆ ವಕೀಲರು ಮೊದಲ ಹಂತದ ಸೈಟಿನ ದಾಖಲೆಗಳು ಸರಿಯಾಗಿವೆ ಎಂದು ಲಿಖಿತ ಅಭಿಪ್ರಾಯ ಕೊಟ್ಟರು.

ಅದೇ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನ್ನ ಮೈದುನ ಅಂದು ಸಂಜೆ ನಮ್ಮ ಜೊತೆಗಿದ್ದ. ‘ಅತ್ತಿಗೆ, ಕಾಗದ ಸರಿಯಿದೆ ಅಂದಮೇಲೆ ಇನ್ನೇನು ಯೋಚನೆ?’ ಎಂದು ಕೇಳಿದ. ಕಾಗದ ಸರಿಯಿಲ್ಲದಿದ್ದರೆ ಕೊಳ್ಳಬಾರದು ಎಂಬುದು ನಿಜ. ಕಾಗದ ಸರಿಯಿದ್ದ ಮಾತ್ರಕ್ಕೆ ಕೊಳ್ಳಲೇಬೇಕು ಎಂದಾಗುವುದಿಲ್ಲವಲ್ಲ ಎಂದೆ. ಪರಿಶೀಲನೆಗೆ ಅಷ್ಟು ಶ್ರಮಪಟ್ಟ ಮೇಲೆ, ಆ ಶ್ರಮವೇ ಕೊಳ್ಳುವುದಕ್ಕೆ ಒಂದು ನೆಪವಾಗುವ ಅಪಾಯವಿತ್ತು. ಯಜಮಾನರ ಮುಖ ನೋಡಿದರೆ ಅವರು ಮನಸ್ಸಿನಲ್ಲೇ ಕಾಂಪೌಂಡು ಹಾಕಿಸುತ್ತಿರುವುದು ತಿಳಿಯುತ್ತಿತ್ತು.

ಆದ್ದರಿಂದ ಮೂವರೂ ಕುಳಿತು ಲೆಕ್ಕ ಬರೆದೆವು. 1,200 ಚದರ ಅಡಿಗೆ 2,800ರಂತೆ 33 ಲಕ್ಷದ 60 ಸಾವಿರ. ತಮಿಳುನಾಡಿನಲ್ಲಿ ಮುದ್ರಾಂಕ ಮತ್ತು ವರ್ಗಾವಣೆ ಶುಲ್ಕ ಸೇರಿ ಶೇ. 7, ನೋಂದಣಿ ಶುಲ್ಕ ಶೇ. 2, ಒಟ್ಟು ಶೇ. 9. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದ ಮೇಲೂ ನಮ್ಮ ಕಡೆಯ ಖರ್ಚು ಅದಕ್ಕಿಂತ ಕಡಿಮೆಯೇ. ಪೂರ್ತಿ ಬೆಲೆಯ ಮೇಲೆ ಕಟ್ಟಿದರೆ ಇದೇ 3 ಲಕ್ಷ ದಾಟುತ್ತದೆ. ವಕೀಲರ ಶುಲ್ಕ, ಬರಹದ ಖರ್ಚು ಸೇರಿಸಿದರೆ ಸುಮಾರು 37 ಲಕ್ಷ. ದಲ್ಲಾಳಿ ಇದಕ್ಕೊಂದು ಉಪಾಯ ಹೇಳಿದ್ದ: ಸರ್ಕಾರದ ಮಾರ್ಗಸೂಚಿ ಬೆಲೆ ಇದಕ್ಕಿಂತ ಕಡಿಮೆಯಿರುವುದರಿಂದ ಅಷ್ಟಕ್ಕೇ ನೋಂದಣಿ ಮಾಡಿಸಿ, ಉಳಿದದ್ದನ್ನು ನಗದಾಗಿ ಕೊಡುವುದು. ನಮ್ಮ ಹಣ ಅಷ್ಟೂ ಬ್ಯಾಂಕಿನಲ್ಲಿರುವ ನಿವೃತ್ತಿಯ ಹಣ. ಅದನ್ನು ನಾವೇ ಕಪ್ಪು ಮಾಡಬೇಕಿತ್ತು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಮುಂಗಡವಾಗಿ ಪಡೆಯುವುದನ್ನೇ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಕಾನೂನಿನ ಮಾತು ಬಿಟ್ಟರೂ, ಕ್ರಯಪತ್ರದಲ್ಲಿ ಬೆಲೆ ಕಡಿಮೆ ಬರೆಸಿದರೆ ಮುಂದೆ ಮಾರುವಾಗ ಕಾಗದದ ಮೇಲೆ ಲಾಭ ಹೆಚ್ಚಾಗಿ ಕಾಣುತ್ತದೆ, ತೆರಿಗೆಯೂ ಹೆಚ್ಚಾಗುತ್ತದೆ. ಭೂಸ್ವಾಧೀನವಾದರೆ ಪರಿಹಾರದ ಲೆಕ್ಕಕ್ಕೂ ಬರುವುದು ನೋಂದಾಯಿತ ಬೆಲೆಗಳೇ. ಆ ಸಲಹೆಯನ್ನು ಅಲ್ಲಿಗೇ ಬಿಟ್ಟೆವು.

ಇನ್ನು ಹೋಲಿಕೆಗೆ ನಾವು ಇಟ್ಟುಕೊಂಡದ್ದು ಹಿರಿಯ ನಾಗರಿಕರ ಉಳಿತಾಯ ಯೋಜನೆ. ಬಡ್ಡಿ ಶೇ. 8.2, ಅವಧಿ 5 ವರ್ಷ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ, ಒಬ್ಬರ ಮಿತಿ 30 ಲಕ್ಷ. ಮಿತಿಯನ್ನು ಮರೆತು ಅದೇ ದರವನ್ನು 37 ಲಕ್ಷಕ್ಕೆ ಹಿಡಿದರೆ ಐದು ವರ್ಷಕ್ಕೆ ಬಡ್ಡಿಯೇ 15 ಲಕ್ಷ ದಾಟುತ್ತದೆ. ಅಂದರೆ ಸೈಟು ಕೊಂಡು ಅದಕ್ಕೆ ಸಮನಾಗಬೇಕಾದರೆ ಐದು ವರ್ಷದ ಮೇಲೆ ಅದು 52 ಲಕ್ಷಕ್ಕೆ, ಚದರ ಅಡಿಗೆ ಸುಮಾರು 4,350 ರೂಪಾಯಿಗೆ ಮಾರಾಟವಾಗಬೇಕು. ಅದರ ಮೇಲೆ ಶೇ. 12.5ರ ಬಂಡವಾಳ ಲಾಭದ ತೆರಿಗೆ, ದಲ್ಲಾಳಿಯ ಪಾಲು, ನಡುವೆ ಕಳೆ ತೆಗೆಸುವ, ಕಲ್ಲು ಸರಿಯಾಗಿದೆಯೇ ಎಂದು ಹೋಗಿ ನೋಡಿಬರುವ ಖರ್ಚು ಬೇರೆ. ಬಡ್ಡಿಗೂ ತೆರಿಗೆಯಿದೆ ಎಂದು ಯಜಮಾನರು ನೆನಪಿಸಿದರು. ಸರಿ, ಅದು ಇದಕ್ಕೆ ವಜಾ ಎಂದುಕೊಂಡೆವು. ಅಷ್ಟು ಏರಿಕೆ ಅಸಾಧ್ಯವೇನಲ್ಲ. ಆದರೆ ಐದು ವರ್ಷದ ಮೇಲೆ ಆ ಬೆಲೆಗೆ ನಮ್ಮಿಂದ ಕೊಳ್ಳುವವರು ಯಾರು ಎಂದು ಕೇಳಿಕೊಂಡಾಗ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಅದೇ ಲೇಔಟಿನವರು ಮೂರನೆಯ, ನಾಲ್ಕನೆಯ ಹಂತ ಬಿಟ್ಟಿರುತ್ತಾರೆ. ಹೊಸ ಸೈಟು, ಕಂತಿನ ಸೌಲಭ್ಯ, ಜಾಹೀರಾತು ಎಲ್ಲ ಅವರ ಕಡೆಗಿರುತ್ತದೆ. ಸುತ್ತ ಜಮೀನಿಗೆ ಬರವಿಲ್ಲದ ಜಾಗದಲ್ಲಿ ಬಿಡಿ ಸೈಟು ಮಾರಲು ಹೊರಟವರಿಗೆ ಎದುರಾಳಿ ಲೇಔಟು ಮಾಡಿದವರೇ.

ಸೈಟು ಬಿಟ್ಟು ಊರೊಳಗೆ ಕಟ್ಟಿದ ಮನೆ ಕೊಂಡರೆ ಹೇಗೆ ಎಂದೂ ನೋಡಿದೆವು. ಕಾರ್ಖಾನೆಗಳಿರುವುದರಿಂದ ಬಾಡಿಗೆಗೆ ಬರುವವರಿಗೆ ಕೊರತೆಯಿಲ್ಲ. ಎರಡು ಕೋಣೆಯ ಮನೆಯೊಂದಕ್ಕೆ 62 ಲಕ್ಷ ಹೇಳಿದರು; ಅದರಲ್ಲಿದ್ದವರು ಕೊಡುತ್ತಿದ್ದ ಬಾಡಿಗೆ ತಿಂಗಳಿಗೆ 15,000. ವರ್ಷಕ್ಕೆ ಶೇ. 3 ಕೂಡ ಆಗದ ಹುಟ್ಟುವಳಿಗೆ ಸಾಲ ಮಾಡುವ ಮಾತೇ ಇರಲಿಲ್ಲ. ಕೆಲವರಪಲ್ಲಿ ಜಲಾಶಯದ ಕಡೆ ಸ್ವಲ್ಪ ಅಗ್ಗದ ಮನೆಗಳಿದ್ದವು. ನಂದಿಬೆಟ್ಟದ ಕಡೆ ಹುಟ್ಟಿ ಬರುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನೆಲ್ಲ ಹೊತ್ತುಕೊಂಡು ಹೋಗಿ ಸೇರುವುದು ಆ ಜಲಾಶಯಕ್ಕೇ. ನೀರು ಬಿಟ್ಟಾಗ ಏಳುವ ನೊರೆಯ ರಾಶಿಯನ್ನು ಪತ್ರಿಕೆಗಳಲ್ಲಿ ನೋಡಿದ್ದೆವು, ಎದುರಿಗೆ ನಿಂತಾಗ ವಾಸನೆಯೂ ತಿಳಿಯಿತು. ಬೆಂಗಳೂರಿನಿಂದ ಹೊಸೂರಿಗೆ ಈಗಾಗಲೇ ಬಂದು ತಲುಪಿರುವುದು ಮೆಟ್ರೋ ಅಲ್ಲ, ಇದು ಎಂದು ಯಜಮಾನರು ನಕ್ಕರು.

ಕೊನೆಗೆ ನಾವು ಕೊಳ್ಳಲಿಲ್ಲ. 30 ಲಕ್ಷವನ್ನು ಹಿರಿಯ ನಾಗರಿಕರ ಯೋಜನೆಯಲ್ಲಿ, ಉಳಿದದ್ದನ್ನು ಬ್ಯಾಂಕಿನ ಠೇವಣಿಯಲ್ಲಿ ಇಟ್ಟೆವು. ಮೂಲಸೌಲಭ್ಯ ನಿಜವಾಗಿ ಕಟ್ಟಡದ ರೂಪ ತಾಳಿದ ಮೇಲೆ ಬೆಲೆ ಇನ್ನಷ್ಟು ಏರಿರುತ್ತದೆ, ಆಗ ಕೊಳ್ಳಲು ನಮ್ಮಿಂದ ಆಗದಿರಬಹುದು ಎಂಬುದು ಗೊತ್ತಿದ್ದೇ ಈ ತೀರ್ಮಾನ ಮಾಡಿದ್ದು. ಮೊದಲ ಹಂತದ ಆ ಸೈಟನ್ನು ಕೊಂಡವನು ನನ್ನ ಮೈದುನ, ಮತ್ತು ಅವನು ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಅವನ ಕೆಲಸ ಅಲ್ಲೇ, ಹೆಂಡತಿಯ ಶಾಲೆಯೂ ಅಲ್ಲೇ. ತಿಂಗಳಿಗೆ ಕೊಡುವ ಬಾಡಿಗೆ ಉಳಿಯುತ್ತದೆ, ಮಾರುವ ಯೋಚನೆಯಿಲ್ಲ, ವಿಮಾನ ಬಂದರೂ ಬರದಿದ್ದರೂ ಅವನಿಗೆ ಮನೆ ಬೇಕು. ಲೇಔಟಿನವರ ಹತ್ತಿರ ಚೌಕಾಸಿ ಮಾಡಿ ಬೆಲೆಯನ್ನೂ ಸ್ವಲ್ಪ ಇಳಿಸಿದ. ನಮ್ಮ ವಕೀಲರ ಅಭಿಪ್ರಾಯದ ಪ್ರತಿಯನ್ನು ಅವನಿಗೇ ಕೊಟ್ಟೆವು. ನೋಂದಣಿಯ ಹಿಂದಿನ ದಿನದವರೆಗಿನ ಋಣಭಾರ ಪತ್ರವನ್ನು ಮತ್ತೊಮ್ಮೆ ತೆಗೆಸು ಎಂದು ಯಜಮಾನರು ಹೇಳಿದರು, ಅವನು ತೆಗೆಸಿದ.